ಬೆಣ್ಣೆಯಂತೆ ಮುಚ್ಚಿದ ಬೋಲ್ಟ್

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಜಾಸಿಂ ಅವರ ರೈಫಲ್‌ನಿಂದ ಹೊರಟ ಸದ್ದು ಸರಿಯಿರಲಿಲ್ಲ. ಗುರಿ ತೋರಿಸುವ ಪರದೆಯ ಮೂಲೆಯಲ್ಲಿ ಗಡಿಯಾರವಿರುತ್ತದೆ. ಆ ಕ್ಷಣ ನನ್ನ ಕಣ್ಣು ಅದರ ಮೇಲೇ ಇದ್ದುದರಿಂದ ಹೊತ್ತು ಅಷ್ಟು ಖಚಿತವಾಗಿ ನೆನಪಿದೆ. ದೂರದ ಗುರಿಗೆ ಹೊಡೆಯುವ ರೈಫಲ್‌ನ ಸದ್ದು ಒಣ ಹಲಗೆ ಮುರಿದಂತೆ ಒಂದೇ ಏಟಿಗೆ ಮುಗಿಯಬೇಕು. ಇದು ಮುಗಿಯಲಿಲ್ಲ. ಏಟಿನ ಬೆನ್ನಿಗೇ ಕುಕ್ಕರಿನ ಸೀಟಿ ಕಿತ್ತು ಬಂದಂತೆ ಏನೋ ಹಿಸ್ಸೆಂದು ಹಿಂದಕ್ಕೆ ನುಗ್ಗಿತು. ಕಾಡತೂಸಿನ ಹಿಂದೆ ಬಾಗಿಲಿನಂತೆ ಮುಚ್ಚುವ ಬೋಲ್ಟಿನ ಪಕ್ಕದಿಂದ ಬೂದು ಹೊಗೆ ಎದ್ದಿತು. ಚಾಪೆಯ ಮೇಲೆ ಬೋರಲಾಗಿ ಮಲಗಿದ್ದ ಜಾಸಿಂ ರೈಫಲ್ಲನ್ನು ಎಸೆಯಲಿಲ್ಲ. ನಿಧಾನವಾಗಿ ಕೆಳಗಿಟ್ಟರು, ಮೊಣಕಾಲೂರಿ ಎದ್ದರು, ಬಲಗಣ್ಣಿನ ಕೆಳಗೆ ಕೆನ್ನೆಗೆ ಅಂಗೈ ಒತ್ತಿಕೊಂಡು ನನ್ನತ್ತ ತಿರುಗಿದರು. ಊಟಕ್ಕೆ ಕರೆಯುವಷ್ಟು ಸಮಾಧಾನದ ದನಿಯಲ್ಲಿ ಹೇಳಿದರು:

"ಮುಹಂದಿಸ್, ಈ ಕಣ್ಣಿಗೆ ನೀವು ಕಾಣ್ತಾ ಇಲ್ಲ."

ಮುಹಂದಿಸ್ ಎಂದರೆ ಎಂಜಿನಿಯರ್. ಕತಾರ್‌ನಲ್ಲಿ ನನ್ನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ, ಮೊದಲು ಮೆಸಯೀದ್‌ನ ಒಂದು ಕಾರ್ಖಾನೆಯಲ್ಲಿ ಗ್ಯಾಸ್ ವಾಲ್ವುಗಳ ತಪಾಸಣೆ ಮಾಡುತ್ತಿದ್ದೆ. ಆಮೇಲೆ ಮರುಭೂಮಿಯ ಅಂಚಿನಲ್ಲಿದ್ದ ಒಂದು ಶೂಟಿಂಗ್ ರೇಂಜಿನ ಕಾಡತೂಸು ಕೋಣೆಗೆ ಬಂದು, ನಿವೃತ್ತಿಯವರೆಗೂ ಅಲ್ಲೇ ಉಳಿದೆ. ಈಗ ಐನ್ ಖಾಲಿದ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಇಂಥ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗರು ಹೋದ ತಿಂಗಳು ಮನೆಗೆ ಬಂದು, ಕೆಲಸ ಹೇಗಿರುತ್ತೆ ಸಾರ್ ಎಂದು ಕೇಳಿದರು. ಚಹಾ ಕುಡಿಯುತ್ತಾ ಹೇಳಿ ಮುಗಿಸುವ ವಿಷಯವಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಮೊದಲು ತಿಳಿಯಬೇಕಾದದ್ದು ಹಿತ್ತಾಳೆಯನ್ನು. ಕಾಡತೂಸಿನಲ್ಲಿ ಗುಂಡು ಹಾರಿಹೋಗುತ್ತದೆ, ಮದ್ದು ಉರಿದುಹೋಗುತ್ತದೆ. ಉಳಿಯುವುದು ಅವೆರಡನ್ನೂ ಹಿಡಿದುಕೊಂಡಿದ್ದ ಹಿತ್ತಾಳೆಯ ಕೇಸ್ ಒಂದೇ. ಬೆರಳುದ್ದದ ಲೋಟ ಅದು. ಬುಡ ದಪ್ಪ, ಮೈ ತೆಳ್ಳಗೆ, ಮೇಲೆ ಭುಜ, ಭುಜದ ಮೇಲೆ ಸಣ್ಣ ಕತ್ತು. ಗುಂಡು ಹಾರುವಾಗ ಒಳಗೆ ಹುಟ್ಟುವ ಒತ್ತಡವನ್ನು ಮೆಸಯೀದ್‌ನಲ್ಲಿ ನಾನು ನೋಡಿದ ಯಾವ ಕೊಳವೆಯೂ ಕಂಡಿರಲಿಲ್ಲ. ಆ ಕೊಳವೆಗಳ ಗೋಡೆ ನನ್ನ ಹೆಬ್ಬೆರಳಿನಷ್ಟು ದಪ್ಪ. ಈ ಕೇಸಿನ ಮೈಯೋ ಮದುವೆಯ ಆಮಂತ್ರಣದ ಕಾಗದದಂತೆ. ಆದರೂ ಅದು ಹಿಡಿಯುತ್ತದೆ. ಹೇಗೆಂದರೆ, ಕಣ್ಣು ಮಿಟುಕಿಸುವುದರೊಳಗೆ ಉಬ್ಬಿ, ರೈಫಲ್‌ನ ಕಾಡತೂಸು ಕೂರುವ ಉಕ್ಕಿನ ಗುಂಡಿಗೆ, ಅಂದರೆ ಚೇಂಬರಿಗೆ, ಸುತ್ತಲೂ ಒತ್ತಿಕೊಂಡು, ಬೆಂಕಿ ಹಿಂದಕ್ಕೆ ಬಾರದಂತೆ ದಾರಿ ಕಟ್ಟುತ್ತದೆ. ಒತ್ತಡ ಇಳಿದೊಡನೆ ತಾನಾಗಿ ಚೂರು ಕುಗ್ಗಿ ಉಕ್ಕನ್ನು ಬಿಟ್ಟುಕೊಡುತ್ತದೆ. ಮೊದಲ ವಾರ ಇದನ್ನು ಅರ್ಥ ಮಾಡಿಕೊಂಡಾಗ ನಾನು ಒಂದು ಖಾಲಿ ಕೇಸನ್ನು ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆ. ಅದನ್ನು ಮುಟ್ಟಿದಾಗಲೆಲ್ಲ ಏನೋ ಗೌರವ ಬರುತ್ತಿತ್ತು.

ಉಬ್ಬಿದ ಕೇಸನ್ನು ಮತ್ತೆ ತುಂಬಬೇಕಾದರೆ ಅದನ್ನು ಮೊದಲಿನ ಅಳತೆಗೆ ಒತ್ತಬೇಕು. ಡೈ ಎಂಬ ಉಕ್ಕಿನ ಅಚ್ಚನ್ನು ಪ್ರೆಸ್ಸಿಗೆ ತಿರುಗಿಸಿ ಕೂರಿಸಿ, ಕೇಸಿಗೆ ಮೇಣದಂಥ ಎಣ್ಣೆ ಸವರಿ, ಹಿಡಿಕೆ ಒತ್ತಿ ಅದರೊಳಗೆ ತಳ್ಳುವುದು. ಎಷ್ಟು ಒತ್ತಬೇಕು ಎಂಬುದರಲ್ಲೇ ಇಡೀ ಕಸುಬಿದೆ. ಕಡಿಮೆ ಒತ್ತಿದರೆ ಕಾಡತೂಸು ರೈಫಲ್ಲಿಗೆ ಕೂರುವುದಿಲ್ಲ, ಬೋಲ್ಟ್ ಮುಚ್ಚುವುದಿಲ್ಲ. ಹೆಚ್ಚು ಒತ್ತಿದರೆ ಏನಾಗುತ್ತದೆ ಎಂಬುದನ್ನು ಹೇಳಲೆಂದೇ ಇಷ್ಟು ಬರೆಯಬೇಕಾಗಿದೆ.

ಒತ್ತುವ ಕೆಲಸ ಇಸ್ಮಾಯಿಲನದು. ಉಳ್ಳಾಲದವನು, ಮಂಗಳೂರಿನಲ್ಲಿ ಪಾಲಿಟೆಕ್ನಿಕ್ ಮಾಡಿದವನು, ನನಗಿಂತ ಮೊದಲೇ ಆ ಕೋಣೆ ಸೇರಿದ್ದವನು. ಎಣ್ಣೆ ತೊಳೆಯುವುದು, ತೂಗುವುದು, ಕೊನೆಗೆ ರೇಂಜಿನಲ್ಲಿ ಶೂಟರ್ ಹಿಂದೆ ಕುಳಿತು ಗುಂಡು ಎಲ್ಲಿ ಬಿತ್ತೆಂದು ನೋಡುವುದು ನನ್ನ ಪಾಲಿಗೆ. ನಾವಿಬ್ಬರೂ ಕನ್ನಡದಲ್ಲಿ ಜಗಳವಾಡುತ್ತಿದ್ದುದರಿಂದ ಉಳಿದವರಿಗೆ ನಾವು ಸ್ನೇಹಿತರೋ ವೈರಿಗಳೋ ಎಂಬ ಗುಮಾನಿ ಕೊನೆಯವರೆಗೂ ಇತ್ತು.

ಒಮ್ಮೆ ಅವನು ಮಾತಾಡುತ್ತಾ ಎಣ್ಣೆ ಸವರದ ಕೇಸನ್ನು ಡೈಯೊಳಗೆ ಒತ್ತಿಬಿಟ್ಟ. ಒಣ ಹಿತ್ತಾಳೆ ಡೈಗೆ ಕಚ್ಚಿಕೊಂಡರೆ ಬೆಸುಗೆ ಹಾಕಿದಂತೆ. ಹಿಡಿಕೆ ಎಳೆದ, ಬರಲಿಲ್ಲ. ಕಾಲು ಮೇಜಿಗೆ ಕೊಟ್ಟು ಎಳೆದ. ಕೇಸಿನ ಅಂಚು ಹರಿದು ಅವನು ಹಿಂದಕ್ಕೆ ಬಿದ್ದ.

"ಉಳ್ಳಾಲದಲ್ಲಿ ದೋಣಿ ಹೀಗೇ ಎಳೀತಾರಾ?" ಎಂದೆ.

"ನೀವು ಮೈಸೂರಿನವರು ಸುಮ್ಮನೆ ಕೂತ್ಕೊಳ್ಳಿ ಸಾರ್. ನಿಮ್ಮ ಕಡೆ ಎಳೆಯುವಂಥದ್ದು ಎಂತ ಉಂಟು, ಆನೆಯೂ ತಾನಾಗಿ ನಡೀತದೆ."

ಅಷ್ಟರಲ್ಲಿ ಬಾಗಿಲಲ್ಲಿ ನಮ್ಮ ಮುಖ್ಯಸ್ಥ ಅಬು ರಾಶಿದ್ ನಿಂತಿದ್ದರು. ಸೈನ್ಯದಿಂದ ನಿವೃತ್ತರಾದ ಕತಾರಿ. ದೊಡ್ಡ ಆಳು, ಸಣ್ಣ ದನಿ. ಅಪ್ಪನ ಅಂಗಡಿಯಲ್ಲಿದ್ದ ಭಾರತೀಯರಿಂದ ಕಲಿತ ಹಿಂದಿಯಲ್ಲಿ ನಮ್ಮ ಜೊತೆ ಮಾತಾಡುತ್ತಿದ್ದರು. ನೆಲದ ಮೇಲಿದ್ದ ಇಸ್ಮಾಯಿಲನನ್ನು ನೋಡಿ, ಪ್ರೆಸ್ಸನ್ನು ನೋಡಿ, "ಪ್ರೆಸ್ಸಿಗೆ ಪೆಟ್ಟಾಯಿತೇನು?" ಎಂದು ಕೇಳಿ ಹೊರಟುಹೋದರು. ಆ ಮಾತನ್ನು ನಾವು ವರ್ಷಗಟ್ಟಲೆ ಹೇಳಿಕೊಂಡು ನಕ್ಕಿದ್ದೇವೆ.

ಇನ್ನೊಂದು ಎಡವಟ್ಟು ನಗುವಂಥದ್ದಾಗಿರಲಿಲ್ಲ. ಇಸ್ಮಾಯಿಲ್ ರಜೆಯ ಮೇಲೆ ಊರಿಗೆ ಹೋಗಿದ್ದಾಗ ಬದಲಿಗೆ ಬಂದವನೊಬ್ಬ ಡೈಗಳನ್ನು ಬಿಚ್ಚಿ ಒರೆಸಿ, ಹೇಗೆ ತೋಚಿತೋ ಹಾಗೆ ಮತ್ತೆ ಕೂರಿಸಿದ. ನಮ್ಮಲ್ಲಿ ಪ್ರತಿ ಶೂಟರಿಗೂ ಬೇರೆ ಡೈ ಇತ್ತು. ಏಕೆಂದರೆ ಯಾವ ಎರಡು ರೈಫಲ್‌ನ ಚೇಂಬರೂ ಒಂದೇ ಉದ್ದ ಇರುವುದಿಲ್ಲ, ಕೂದಲೆಳೆಯಷ್ಟು ಹೆಚ್ಚುಕಡಿಮೆ. ಆ ಕೂದಲೆಳೆ ತಪ್ಪಿತು. ತಂಡ ಹೊರದೇಶದ ಸ್ಪರ್ಧೆಯಲ್ಲಿ ಮಲಗಿ ಗುರಿ ಹಿಡಿದಾಗ ಅರ್ಧ ಕಾಡತೂಸುಗಳಿಗೆ ಬೋಲ್ಟ್ ಮುಚ್ಚಲೇ ಇಲ್ಲ. ಜಾಸಿಂ ಅವರಂಥ ಸೌಮ್ಯ ಮನುಷ್ಯ ಅಂಗೈಯಿಂದ ಬೋಲ್ಟನ್ನು ಗುದ್ದಿದರಂತೆ. ಎಲ್ಲರ ಎದುರು ಸಮಯ ಮುಗಿಯಿತು.

ಹಿಂತಿರುಗಿದ ದಿನ ಅಬು ರಾಶಿದ್ ನಮ್ಮ ಕೋಣೆಗೆ ಬಂದು ಪ್ರತಿ ಡೈಯನ್ನೂ ಸರಿಯಾದ ಅಳತೆಗೆ ಕೂರಿಸುವವರೆಗೆ ಕದಲದೆ ನಿಂತರು. ಆಮೇಲೆ ಡೈಯನ್ನು ಅಳತೆಯಲ್ಲಿ ಬಿಗಿದು ಹಿಡಿಯುವ ಉಂಗುರಕ್ಕೆ ಬಣ್ಣ ಹಚ್ಚಲು ಹೇಳಿದರು, ಯಾರಾದರೂ ತಿರುಗಿಸಿದರೆ ಬಿರುಕು ಬಿಟ್ಟು ಗೊತ್ತಾಗುವಂತೆ. ಬಣ್ಣ ಎಲ್ಲಿದೆ? ಇಸ್ಮಾಯಿಲ್ ಮುಶೈರಿಬ್‌ನ ಅಂಗಡಿಯೊಂದಕ್ಕೆ ಹೋಗಿ ಹೆಂಗಸರ ಉಗುರಿಗೆ ಹಚ್ಚುವ ಕೆಂಪು ಬಣ್ಣ ತಂದ.

"ಅಂಗಡಿಯವ ಕೇಳಿದ ಸಾರ್, ಯಾರ ಕೈಗೆ ಅಂತ. ಡೈಗೆ ಅಂತ ಹೇಳಿದೆ. ಅವ ಪಾಪ, ಡೈ ಅಂದ್ರೆ ನನ್ನ ಹೆಂಡತಿ ಹೆಸರು ಅಂತ ತಿಳ್ಕೊಂಡ."

ಅಬು ರಾಶಿದ್ ಕೆಂಪು ಆರುವುದನ್ನೇ ನೋಡುತ್ತಾ ಹೇಳಿದರು: "ಖಲಾಸ್. ಇನ್ನು ಇದನ್ನು ಯಾರೂ ಮುಟ್ಟುವುದಿಲ್ಲ. ನಾನೂ ಕೂಡ."

ಆ ದಿನದಿಂದ ನಮ್ಮ ಕೋಣೆಗೆ ಒಂದು ಬಗೆಯ ಮಡಿ ಬಂತು. ಜಾಸಿಂ ಅವರ ಹಸಿರು ಡಬ್ಬಿಯ ಕೇಸುಗಳು ಜಾಸಿಂ ಅವರ ಡೈಗೆ ಮಾತ್ರ. ಅವರ ರೈಫಲ್‌ನಿಂದ ಬಂದದ್ದು ಅವರ ರೈಫಲ್ಲಿಗೇ ಹೋಗಬೇಕು. ಕೆಂಪು ಒಡೆಯಬಾರದು. ಬೇರೆ ದೇಶದ ಕೋಚ್‌ಗಳು ಬಂದು ನೋಡಿ ಹೊಗಳಿ ಹೋಗುತ್ತಿದ್ದರು. ಇಸ್ಮಾಯಿಲ್ ಒತ್ತಿದ ನೂರು ಕೇಸುಗಳನ್ನು ಅಳೆದರೆ ಭುಜದ ಎತ್ತರದಲ್ಲಿ ಮಾಪಕದ ಮುಳ್ಳು ಅಲುಗುತ್ತಿರಲಿಲ್ಲ. ನಾನು ಎಂಜಿನಿಯರ್ ಆಗಿ ಅಷ್ಟು ಒಂದೇ ಸಮನಾದ ಕೆಲಸವನ್ನು ಯಾವ ಕಾರ್ಖಾನೆಯಲ್ಲೂ ಕಂಡಿರಲಿಲ್ಲ.

ಜಾಸಿಂ ಬಗ್ಗೆ ಎರಡು ಮಾತು. ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದ ನಡುವಯಸ್ಸಿನ ಮನುಷ್ಯ. ನೆಲದ ಮೇಲೆ ಮಲಗಿ ರೈಫಲ್ ಹಿಡಿದರೆ ಉಸಿರಾಡುತ್ತಿದ್ದಾರೋ ಇಲ್ಲವೋ ತಿಳಿಯದು. ದೂರದಲ್ಲಿ ಬಿಸಿಲಿನ ಝಳಕ್ಕೆ ಗುರಿಫಲಕ ನೀರಿನಲ್ಲಿ ತೇಲಿದಂತೆ ಅಲುಗುತ್ತದೆ. ಆ ಝಳದ ವಾಲುವಿಕೆ ನೋಡಿ ಗಾಳಿ ಯಾವ ಕಡೆಗೆ, ಎಷ್ಟು ಎಂದು ಹೇಳುತ್ತಿದ್ದರು. ನಾನು ದೂರದರ್ಶಕದಲ್ಲಿ ಗಾಳಿಯನ್ನೇ ಹುಡುಕುತ್ತಿರುವಾಗ ಅವರ ಗುಂಡು ನಡುವಿನ ಬಿಳಿಯ ಚುಕ್ಕಿಗೆ ಬಿದ್ದಿರುತ್ತಿತ್ತು. ಅವರಿಗೆ ಎಲ್ಲವೂ ಆ ಬಲಗಣ್ಣು.

ಗುಂಡು ಹಾದುಹೋಗುವ ನಳಿಕೆ, ಅಂದರೆ ಬ್ಯಾರಲ್, ಸವೆಯುತ್ತದೆ. ಕೆಲವು ವರ್ಷಗಳ ಸ್ಪರ್ಧೆಗಳಾದ ಮೇಲೆ ಬದಲಾಯಿಸಲೇಬೇಕು. ಆ ವರ್ಷ ಬೇಸಿಗೆಯ ಬಿಡುವಿನಲ್ಲಿ ಜಾಸಿಂ ಅವರದ್ದೂ ಸೇರಿ ಮೂರು ರೈಫಲ್‌ಗಳಿಗೆ ಹೊಸ ಬ್ಯಾರಲ್ ಹಾಕಿದರು. ಅಂಗಳದಾಚೆಯ ರಿಪೇರಿ ವಿಭಾಗದ ಕೆಲಸ ಅದು, ಅವರೂ ಅಚ್ಚುಕಟ್ಟಾಗಿಯೇ ಮಾಡಿದರು. ಹೊಸ ಬ್ಯಾರಲಿನ ಚೇಂಬರ್ ಹಳೆಯದಕ್ಕಿಂತ ಒಂದಿಷ್ಟು ಆಳ, ಆದರೆ ನಿಯಮದ ಮಿತಿಯೊಳಗೇ. ರೈಫಲ್‌ನ ನಂಬರ್ ಅದರ ಮೈಮೇಲೆ ಇರುತ್ತದೆ, ಬ್ಯಾರಲ್ ಮೇಲಲ್ಲ. ನಂಬರ್ ಬದಲಾಗಲಿಲ್ಲ. ಯಜಮಾನ ಬದಲಾಗಲಿಲ್ಲ. ಡಬ್ಬಿಯ ಹಸಿರು ಬದಲಾಗಲಿಲ್ಲ. ಡೈಯ ಕೆಂಪು ಒಡೆಯಲಿಲ್ಲ. ನಮ್ಮ ಮಡಿಯ ಪ್ರಕಾರ ಎಲ್ಲವೂ ನೆಟ್ಟಗಿತ್ತು.

ಕೇಸ್ ಈಗ ಚೇಂಬರಿಗಿಂತ ಗಿಡ್ಡವಾಗಿತ್ತು. ಗಿಡ್ಡವಾದದ್ದು ಗುಂಡಿಯೊಳಗೆ ಸಲೀಸಾಗಿ ಇಳಿಯುತ್ತದೆ. ಜಾಸಿಂ ಮೊದಲ ದಿನವೇ ನಮ್ಮ ಕೋಣೆಗೆ ಬಂದರು.

"ಇಸ್ಮಾಯಿಲ್, ವಲ್ಲಾ, ಇದೇನು ಮಾಡಿದೆ? ಬೋಲ್ಟ್ ಬೆಣ್ಣೆಯ ಹಾಗೆ ಮುಚ್ಚುತ್ತೆ."

"ಕೈಗುಣ ಸರ್," ಎಂದ ಇಸ್ಮಾಯಿಲ್ ಹಿಂದಿಯಲ್ಲಿ. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕೇಳಿಸ್ತಾ ನಿಮಗೆ? ಬೆಣ್ಣೆ ಅಂತೆ. ನಿಮಗೆ ಒಂದು ದಿನ ಆದ್ರೂ ಯಾರಾದ್ರೂ ಬೆಣ್ಣೆ ಅಂದದ್ದುಂಟಾ?" ಎಂದ.

ಬೋಲ್ಟ್ ಮುಚ್ಚದೆ ಮಾನ ಕಳೆದುಕೊಂಡಿದ್ದ ತಂಡಕ್ಕೆ ಸಲೀಸಾಗಿ ಮುಚ್ಚುವ ಬೋಲ್ಟೇ ದೊಡ್ಡ ಸಂಭ್ರಮ. ಗುರುವಾರ ಜಾಸಿಂ ಮನೆಯಿಂದ ದೊಡ್ಡ ತಟ್ಟೆ ತುಂಬ ಮಾಂಸದನ್ನ, ನನಗೆಂದು ಬೇರೆ ಪಾತ್ರೆಯಲ್ಲಿ ತರಕಾರಿಯದ್ದು ಬಂತು. ಗುಂಡುಗಳು ಮೊದಲಿನಂತೆಯೇ ಒತ್ತೊತ್ತಾಗಿ ನಡುವಿಗೆ ಬೀಳುತ್ತಿದ್ದವು. ಯಾರಿಗೆ ತಾನೇ ಅನುಮಾನ ಬರಬೇಕು?

ಒಳಗೆ ಆಗುತ್ತಿದ್ದದ್ದು ಇಷ್ಟು. ಮದ್ದು ಉರಿದಾಗ ಕೇಸಿನ ತೆಳುವಾದ ಮೈ ಚೇಂಬರಿನ ಗೋಡೆಯನ್ನು ಕಚ್ಚಿ ನಿಲ್ಲುತ್ತದೆ. ದಪ್ಪನೆಯ ಬುಡ ಕಚ್ಚುವುದಿಲ್ಲ. ಹಿಂದೆ ಜಾಗವಿದ್ದಷ್ಟು ಹಿಂದಕ್ಕೆ ಸರಿದು ಬೋಲ್ಟಿಗೆ ಒರಗುತ್ತದೆ. ನಡುವೆ, ಬುಡದಿಂದ ಸ್ವಲ್ಪ ಮೇಲೆ, ಹಿತ್ತಾಳೆ ಹಿಗ್ಗಿ ತೆಳುವಾಗುತ್ತದೆ. ನಾವು ಅದನ್ನು ತಂದು ಮತ್ತೆ ಗಿಡ್ಡ ಮಾಡುತ್ತಿದ್ದೆವು. ಅದು ಮತ್ತೆ ಹಿಗ್ಗುತ್ತಿತ್ತು. ಒಂದು ತಂತಿಯನ್ನು ಹಿಂದೆಮುಂದೆ ಬಾಗಿಸುತ್ತಾ ಹೋದಂತೆ, ಪ್ರತಿ ಸಲವೂ ಅದೇ ಜಾಗದಲ್ಲಿ, ಇಸ್ಮಾಯಿಲನ ಕೈಯ ಅದೇ ನಿಷ್ಠೆಯಲ್ಲಿ. ಅವನು ಸ್ವಲ್ಪ ಸಡಿಲ ಕೆಲಸಗಾರನಾಗಿದ್ದರೆ ಕೆಲವಾದರೂ ಉಳಿಯುತ್ತಿದ್ದವೇನೋ.

ಆ ಬೆಳಗ್ಗೆ ಆರ್ದ್ರತೆ ವಿಪರೀತವಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಸಮುದ್ರದ ಗಾಳಿ ಬಂದರೆ ಇಲ್ಲಿ ಗೋಡೆಗಳೂ ಬೆವರುತ್ತವೆ. ಎ.ಸಿ. ಕೋಣೆಯಿಂದ ಹೊರಬಂದ ಜಾಸಿಂ ಅವರ ರಕ್ಷಣೆಯ ಕನ್ನಡಕ ಒಡನೆ ಮಂಜು ಹಿಡಿಯಿತು. ಒರೆಸಿದರು, ಮತ್ತೆ ಹಿಡಿಯಿತು. ಮೂರನೆಯ ಸಲ ಅದನ್ನು ಹಣೆಯ ಮೇಲಕ್ಕೆ ತಳ್ಳಿ ದೂರದರ್ಶಕಕ್ಕೆ ಕಣ್ಣಿಟ್ಟರು. ಕತಾರ್‌ನಲ್ಲಿ ಎಲ್ಲರೂ ಮಾಡುತ್ತಿದ್ದರು ಅದನ್ನು. ಗುಂಡು ಹಾರಿದಾಗ ಕೇಸ್ ಆ ಸವೆದ ಗೆರೆಯಲ್ಲಿ ಎರಡಾಯಿತು. ದಾರಿ ಕಟ್ಟುವವರು ಯಾರೂ ಇಲ್ಲದೆ ಬೆಂಕಿ ಹಿಂದಕ್ಕೆ ಬಂತು. ರೈಫಲ್ ಒಳ್ಳೆಯದು, ಬಹುಪಾಲನ್ನು ಪಕ್ಕದ ರಂಧ್ರದಿಂದ ಹೊರಗೆ ಬಿಟ್ಟಿತು. ಉಳಿದ ಒಂದು ಉಸಿರು ಬೋಲ್ಟಿನ ಗುಂಟ ಜಾರಿ, ಹಿತ್ತಾಳೆಯ ಪುಡಿ ಹೊತ್ತು, ಅವರ ಮುಖಕ್ಕೆ ಬಂತು.

ಅವರ ಕೈ ಸರಿಸಿ ನೋಡಿದೆ. ಕೆನ್ನೆಯ ಮೇಲೆಲ್ಲ ಕಪ್ಪು ಚುಕ್ಕಿ. ಕಣ್ಣು ತೆರೆದೇ ಇತ್ತು, ನೀರು ಸುರಿಯುತ್ತಿತ್ತು. ಕಪ್ಪು ಗುಡ್ಡೆಯ ಮೇಲೆ ಬಂಗಾರದ ಬಣ್ಣದ ಒಂದು ಕಣ ಮಿಣುಕುತ್ತಿತ್ತು. ಅಷ್ಟು ಸಣ್ಣದು, ಅಷ್ಟು ಹೊಳೆಯುವಂಥದ್ದು. ನಾನು ಈಗಲೂ ಕಣ್ಣು ಮುಚ್ಚಿದರೆ ಮೊದಲು ಕಾಣುವುದು ಅದೇ.

"ಏನಿದೆ?" ಎಂದರು.

"ಉಜ್ಜಬೇಡಿ," ಎಂದೆ.

ಅಬು ರಾಶಿದ್ ತಾವೇ ಕಾರು ಓಡಿಸಿಕೊಂಡು ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ನಾನು ರೈಫಲ್ಲಿನೊಡನೆ ಕೋಣೆಗೆ ಬಂದೆ. ಬೋಲ್ಟ್ ಎಳೆದರೆ ಕೇಸಿನ ಬುಡ ಮಾತ್ರ ಬಂತು, ಗರಗಸದಿಂದ ಕೊಯ್ದಂತೆ ಸುತ್ತಲೂ ಒಂದೇ ಸಮನೆ ಹರಿದು. ಮೇಲಿನ ಭಾಗ ಚೇಂಬರಿನೊಳಗೇ ಉಳಿದಿತ್ತು. ಇಸ್ಮಾಯಿಲ್ ಆ ಬುಡವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ.

"ಎಂತ ಸಾರ್ ಇದು? ಹಿತ್ತಾಳೆಯೇ ಕೆಟ್ಟದಾ?"

"ಉಳಿದದ್ದನ್ನು ಕೊಯ್ದು ನೋಡೋಣ."

ಹಸಿರು ಡಬ್ಬಿಯ ಖಾಲಿ ಕೇಸುಗಳನ್ನು ಒಂದೊಂದಾಗಿ ಮೇಜಿನ ಇಕ್ಕಳದಲ್ಲಿ ಕಚ್ಚಿಸಿ ಉದ್ದುದ್ದಕ್ಕೆ ಸೀಳಿದೆವು. ದೀಪದ ಕೆಳಗೆ ಸಾಲಾಗಿ ಇಟ್ಟೆವು. ಪ್ರತಿಯೊಂದರ ಒಳಗೋಡೆಯಲ್ಲಿಯೂ, ಬುಡದಿಂದ ಸ್ವಲ್ಪ ಮೇಲೆ, ಅದೇ ಜಾಗದಲ್ಲಿ, ಇಲಿ ಕಡಿದಂಥ ಒಂದು ಕಾಲುವೆ. ಕೆಲವುಗಳಲ್ಲಿ ಗೋಡೆ ಎಷ್ಟು ತೆಳುವಾಗಿ ಉಳಿದಿತ್ತೆಂದರೆ ಉಗುರು ತಾಗಿಸಿದರೆ ಮಣಿಯುತ್ತಿತ್ತು. ಹೊರಗಿನಿಂದ ನೋಡಿದರೆ ಮದುವಣಗಿತ್ತಿಯ ಬಳೆಯಂತೆ ಮಿರುಗುವ ಕೇಸುಗಳು. ಅವೆಲ್ಲ ಹಿಂದಿನ ದಿನ ಬೆಂಕಿಯನ್ನು ಹಿಡಿದಿದ್ದವು. ಅದಕ್ಕೂ ಹಿಂದಿನ ವಾರ ಹಿಡಿದಿದ್ದವು. ಆ ಉಗುರಿನಷ್ಟು ತೆಳು ಹಿತ್ತಾಳೆಯ ಹಿಂದೆ ಜಾಸಿಂ ಕೆನ್ನೆಯಿಟ್ಟು ಮಲಗಿರುತ್ತಿದ್ದರು. ಅವರ ಹಿಂದೆ ನಾನು ಚಹಾ ಹೀರುತ್ತಾ ಕುಳಿತಿರುತ್ತಿದ್ದೆ. ಇವು ಒಡೆದದ್ದಕ್ಕಿಂತ ಇಷ್ಟು ದಿನ ಒಡೆಯದೆ ನಿಂತದ್ದೇ ನನ್ನನ್ನು ನಡುಗಿಸಿತು. ಯಾವ ಪುಸ್ತಕವೂ ಲೋಹದ ಆ ಸಹನೆಯನ್ನು ನನಗೆ ಹಾಗೆ ಕಲಿಸಿರಲಿಲ್ಲ.

ಆಮೇಲೆ ಮೂಲ ಹಿಡಿಯಲು ತಡವಾಗಲಿಲ್ಲ. ಚೇಂಬರಿನ ಆಳ ಅಳೆದೆವು. ಇಸ್ಮಾಯಿಲ್ ಎರಡು ಅಂಕಿಗಳನ್ನೂ ನೋಡಿದ. ಕೆಂಪು ಉಂಗುರದ ಡೈಯನ್ನು ನೋಡಿದ.

"ಬ್ಯಾರಲ್ ಹೊಸದು," ಎಂದ. "ಡೈ ಹಳೇದು." ಆಮೇಲೆ, "ಬೆಣ್ಣೆ," ಎಂದ. ಎದ್ದು ಹೊರಗೆ ಹೋದ.

ಆಗ ನನಗೆ ಇನ್ನೆರಡು ಹೊಸ ಬ್ಯಾರಲ್‌ಗಳ ನೆನಪಾಯಿತು. ಆ ರೈಫಲ್‌ಗಳ ಕಾಡತೂಸುಗಳು ಸೀಲಾಗಿ, ತಂಡ ಇನ್ನೊಂದು ಸ್ಪರ್ಧೆಗೆ ಹೊರಡಬೇಕಿದ್ದ ಮಾರನೆಯ ದಿನದ ವಿಮಾನಕ್ಕೆ ಸಿದ್ಧವಾಗಿ ಉಗ್ರಾಣದಲ್ಲಿದ್ದವು. ಅಬು ರಾಶಿದ್‌ಗೆ ಫೋನ್ ಮಾಡಿದೆ. ಅವರಿನ್ನೂ ಆಸ್ಪತ್ರೆಯಲ್ಲೇ ಇದ್ದರು. ನನ್ನ ವಿವರಣೆ ಅರ್ಧವಾಗುವಷ್ಟರಲ್ಲಿ ತಡೆದರು.

"ಮುಹಂದಿಸ್, ಒಂದೇ ಮಾತು. ನಿಮ್ಮ ಮಗಳನ್ನು ಆ ರೈಫಲ್ ಹಿಂದೆ ಮಲಗಿಸ್ತೀರಾ?"

"ಇಲ್ಲ."

"ಖಲಾಸ್. ಡಬ್ಬಿ ಒಡೆಯಿರಿ. ತಂಡ ಹೋಗೋದಿಲ್ಲ."

ಅದಕ್ಕಾಗಿ ಅವರು ಮೇಲಿನವರಿಂದ ಏನೇನು ಕೇಳಿಸಿಕೊಂಡರೋ ನಮಗೆ ಹೇಳಲಿಲ್ಲ. ಮೇಲಧಿಕಾರಿ ಎಂದಾಗ ಇಂದಿಗೂ ನನಗೆ ಆ ಫೋನಿನ ಸಣ್ಣ ದನಿಯೇ ನೆನಪಾಗುತ್ತದೆ.

ವೈದ್ಯರು ಕಣವನ್ನು ತೆಗೆದಿದ್ದರು. ಅದು ಗುಡ್ಡೆಯ ಮೇಲಿನ ಪದರದಲ್ಲೇ ನಿಂತಿತ್ತು, ಒಳಗೆ ಹೋಗಿರಲಿಲ್ಲ. ಹೋಗಿದ್ದರೆ ತಾಮ್ರ ಬೆರೆತ ಹಿತ್ತಾಳೆ ಕಣ್ಣನ್ನೇ ಕೊಳೆಸುತ್ತಿತ್ತಂತೆ. ಈಗ ಗಾಯ ಮಾಯಬೇಕು, ಸೋಂಕು ತಗಲಬಾರದು, ಕಲೆ ಎಷ್ಟು ಉಳಿಯುತ್ತದೋ ಕಾದು ನೋಡಬೇಕು ಎಂದರು. ಕಣ್ಣು ಉಳಿಯುತ್ತದೆಯೇ ಎಂದು ಅಬು ರಾಶಿದ್ ಕೇಳಿದ್ದಕ್ಕೆ ವೈದ್ಯರು ಈಗಲೇ ಹೇಳಲಾಗದು ಎಂದರಂತೆ.

ಅಲ್ಲಿಂದ ನನ್ನ ನಿದ್ದೆ ಹೋಯಿತು. ಮಲಗಿದರೆ ಆ ಹಿಸ್ಸೆಂಬ ಸದ್ದು. ಅದರ ಹಿಂದೆಯೇ ಒಂದು ಲೆಕ್ಕ: ಕೆನ್ನೆ ಇನ್ನೊಂದಿಷ್ಟು ಮುಂದಿದ್ದರೆ, ರಂಧ್ರ ಕಟ್ಟಿಕೊಂಡಿದ್ದರೆ, ಬೋಲ್ಟ್ ಹಳೆಯ ಮಾದರಿಯದಾಗಿದ್ದರೆ. ವಾಲ್ವು ಪರೀಕ್ಷಿಸಿದ ತಲೆ ಬಿಡುತ್ತದೆಯೇ? ಎದ್ದು ಕೂರುತ್ತಿದ್ದೆ. ಹೆಂಡತಿ ಸುಮಾ ಮೊದಮೊದಲು ಜೊತೆಗೆ ಏಳುತ್ತಿದ್ದಳು.

"ನೀವೇನು ಗುಂಡು ಹೊಡೆದ್ರಾ? ನೀವೇನು ಒತ್ತಿದ್ರಾ?"

"ನೋಡಿದೆನಲ್ಲ."

"ನೋಡಿದ್ದಕ್ಕೆ ಇಷ್ಟಾದರೆ, ಆ ಇಸ್ಮಾಯಿಲ್ ಏನು ಮಾಡ್ತಿದಾನೋ ಕೇಳಿ ಮೊದಲು."

ಇಸ್ಮಾಯಿಲ್ ಪ್ರೆಸ್ಸಿನ ಹತ್ತಿರ ಹೋಗುತ್ತಿರಲಿಲ್ಲ. ಡಬ್ಬಿ ಜೋಡಿಸುವುದು, ನೆಲ ಗುಡಿಸುವುದು, ಇಷ್ಟೇ ಅವನ ಕೆಲಸವಾಯಿತು. ತನಿಖೆಯವರು ಬಂದು ಯಾರೊಬ್ಬರ ತಪ್ಪೂ ಅಲ್ಲ, ಕ್ರಮದ್ದೇ ತಪ್ಪು ಎಂದು ಬರೆದು ಹೋದರು. ಅದರಿಂದ ಅವನಿಗೆ ಏನೂ ಹಗುರವಾಗಲಿಲ್ಲ. "ನನ್ನ ತಪ್ಪು ಅಂತ ಬರೆದಿದ್ರೆ ಊರಿಗೆ ಹೋಗ್ಲಿಕ್ಕೆ ಆಗ್ತಿತ್ತು ಸಾರ್. ಈಗ ಎಲ್ಲಿಗೆ ಹೋಗುದು?" ಎಂದ ಒಮ್ಮೆ.

ನಾನೂ ಅವನೂ ಜಾಸಿಂ ಮನೆಗೆ ಹೋದೆವು. ಅತಿಥಿಗಳನ್ನು ಕೂರಿಸುವ ಮಜ್ಲಿಸ್‌ನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತಿದ್ದರು. ಅರಬ್ಬರ ಕಾಫಿ, ಖಹ್ವಾ, ಬಂತು. ಇಸ್ಮಾಯಿಲ್ ಬಟ್ಟಲು ಹಿಡಿದು ಕುಡಿಯದೆ ಕುಳಿತ.

"ಕುಡಿ," ಎಂದರು ಜಾಸಿಂ. "ನಿನ್ನ ಕಾಡತೂಸಿಗಿಂತ ಕಡಿಮೆ ಬಿಸಿ ಇದೆ."

ಇಸ್ಮಾಯಿಲ್ ನಗಲಿಲ್ಲ. ಅತ್ತುಬಿಟ್ಟ. ಜಾಸಿಂ ಅವನನ್ನು ಅಳಲು ಬಿಟ್ಟು ನನ್ನ ಜೊತೆ ಶಾಲೆಯ ವಿಷಯ ಮಾತಾಡಿದರು: ಒಂದೇ ಕಣ್ಣಲ್ಲಿ ಭೂಪಟ ನೋಡಿದರೆ ಬೆಟ್ಟವೂ ಸಮುದ್ರವೂ ಒಂದೇ ಮಟ್ಟ, ಮಕ್ಕಳು ಟೀಚರಿಗೆ ಕಡಲುಗಳ್ಳ ಎಂದು ಹೆಸರಿಟ್ಟಿದ್ದಾರೆ, ಹೀಗೆ. ಹೊರಡುವಾಗ ಇಸ್ಮಾಯಿಲನ ಭುಜ ಹಿಡಿದು ಕೇಳಿದರು:

"ಪ್ರೆಸ್ ಮುಟ್ಟುತ್ತಿಲ್ಲವಂತೆ. ನನ್ನ ಕಾಡತೂಸು ಯಾರು ಮಾಡ್ತಾರೆ? ಈ ಮುಹಂದಿಸ್?"

ಪಟ್ಟಿ ಬಿಚ್ಚಿದಾಗ ಕಣ್ಣು ಉಳಿದಿತ್ತು. ಜಾಸಿಂಗೆ ತಮ್ಮ ಮಗಳ ಮುಖ ಕಂಡಿತು, ಪುಸ್ತಕದ ಅಕ್ಷರ ಕಂಡಿತು, ಕಾರು ಓಡಿಸಲು ಅಡ್ಡಿಯಿರಲಿಲ್ಲ. ಆದರೆ ಗುಡ್ಡೆಯ ನಡುವೆ ಸಾಸಿವೆಗಿಂತ ಸಣ್ಣ ಕಲೆ ನಿಂತಿತು. ರೈಫಲ್‌ನ ದೂರದರ್ಶಕದೊಳಗಿನ ಕೂದಲಿನಂಥ ಗೆರೆ ಅವರಿಗೆ ಎರಡಾಗಿ ಕಾಣತೊಡಗಿತು. ಯಾವುದು ನಿಜ ಎಂದು ಆರಿಸಬೇಕು ಎಂದು ನಕ್ಕರು. ಶೂಟರಿಗೆ ಅದು ಮುಗಿದ ಮಾತು. ನನಗೂ ಹಾಗೇ ಅನಿಸಿತು. ಅವರಿಗೆ ಅನಿಸಲಿಲ್ಲ. ಎಡಗಣ್ಣಿಗೆ, ಎಡಭುಜಕ್ಕೆ ಹೊಂದುವ ಬೇರೆ ರೈಫಲ್ ತರಿಸಿದರು. ಜೀವನವಿಡೀ ಬಲಗೈಯಲ್ಲಿ ಬರೆದವನು ಎಡಗೈಯಲ್ಲಿ ಅಕ್ಷರಾಭ್ಯಾಸಕ್ಕೆ ಕೂತಂತೆ, ಖಾಲಿ ರೈಫಲ್ ಹಿಡಿದು ತಿಂಗಳುಗಟ್ಟಲೆ ಚಾಪೆಯ ಮೇಲೆ ಮಲಗಿದರು.

ಅಷ್ಟರಲ್ಲಿ ನಮ್ಮ ಕೆಲಸದ ಕ್ರಮವೂ ಬದಲಾಯಿತು. ಪ್ರತಿ ಬ್ಯಾರಲಿಗೂ ಅದರದ್ದೇ ನಂಬರ್ ಕೊಟ್ಟು, ಡಬ್ಬಿಯ ಮೇಲೆ ಶೂಟರ್ ಹೆಸರಿನ ಬದಲು ಅದನ್ನು ಬರೆದೆವು. ಡೈಗಳ ಕೆಂಪನ್ನು ಅಬು ರಾಶಿದ್ ತಾವೇ ಚಾಕುವಿನಿಂದ ಕೆರೆದು ತೆಗೆದರು. ಒತ್ತುವ ಮೊದಲು ಪ್ರತಿ ಸಲವೂ, ರೈಫಲ್‌ನಿಂದ ಬಂದ ಖಾಲಿ ಕೇಸಿನ ಭುಜ ಅಳೆಯಬೇಕು. ಏಕೆಂದರೆ ಚೇಂಬರ್ ಎಷ್ಟು ಉದ್ದ ಎಂದು ಹೇಳುವುದು ಅದರೊಳಗೆ ಉಬ್ಬಿ ಬಂದ ಹಿತ್ತಾಳೆ ಮಾತ್ರ. ಆ ಅಳತೆಗಿಂತ ಬೋಲ್ಟ್ ಮುಚ್ಚಲು ಬೇಕಾದ ಕೂದಲೆಳೆಯಷ್ಟೇ ಹಿಂದಕ್ಕೆ ತಳ್ಳಬೇಕು. ಆಮೇಲೆ ತುದಿ ಬಾಗಿಸಿದ ತಂತಿಯನ್ನು ಒಳಗಿಳಿಸಿ ಬುಡದಿಂದ ಮೇಲಕ್ಕೆ ಗೋಡೆಯನ್ನು ಸವರುತ್ತಾ ಬರಬೇಕು. ಎಲ್ಲಾದರೂ ತಡೆದರೆ ಆ ಕೇಸ್ ಕಸಕ್ಕೆ. ಹುಡುಗರೇ, ಬೋಲ್ಟ್ ಸಲೀಸಾಗಿ ಮುಚ್ಚಿದರೆ ಸಂತೋಷಪಡುವ ಮೊದಲು ಏಕೆ ಸಲೀಸು ಎಂದು ಕೇಳಿಕೊಳ್ಳಿ. ನಾನು ನಿಮಗೆ ಕೊಡಬಲ್ಲ ಬುದ್ಧಿಮಾತು ಅದೊಂದೇ.

ಎಡಗೈ ರೈಫಲ್ಲಿಗೆ ಡೈ ಕೂರಿಸುವ ದಿನ ಜಾಸಿಂ ಬಂದು ಪ್ರೆಸ್ಸಿನ ಮುಂದೆ ಕುರ್ಚಿ ಎಳೆದು ಕುಳಿತರು. ಇಸ್ಮಾಯಿಲ್ ಗೋಡೆಗೆ ಒರಗಿ ನಿಂತಿದ್ದ.

"ಯಲ್ಲಾ, ಶುರು ಮಾಡು," ಎಂದರು. "ನನಗೆ ಸಾಯಂಕಾಲ ಪರೀಕ್ಷೆ ಪೇಪರ್ ತಿದ್ದಬೇಕು."

ಇಸ್ಮಾಯಿಲ್ ಬಂದು ಕೈ ಒರೆಸಿಕೊಂಡ. ರಿಪೇರಿ ವಿಭಾಗದವರು ಆ ರೈಫಲ್ಲಿನಲ್ಲಿ ಹೊಡೆದು ಕೊಟ್ಟಿದ್ದ ಖಾಲಿ ಕೇಸನ್ನು ಅಳೆದ. ಇನ್ನೊಮ್ಮೆ ಅಳೆದ. ನನಗೆ ಕೊಟ್ಟ, ನಾನು ಅಳೆದೆ. ಜಾಸಿಂಗೂ ಕೊಟ್ಟ. ಅವರು ಎಡಗಣ್ಣು ಕಿರಿದು ಮಾಡಿ ಮುಳ್ಳನ್ನು ಓದಿದರು. ಇಸ್ಮಾಯಿಲ್ ಹಿಡಿಕೆ ಹಿಡಿದ. ಒತ್ತಿ, ಅಳೆದು, ಚೂರು ತಿರುಗಿಸಿ, ಮತ್ತೆ ಒತ್ತಿ, ಮಧ್ಯಾಹ್ನವಿಡೀ ಹೀಗೇ. ಮುಗಿದ ಮೇಲೆ ಅವನೇ ಹೇಳಿದ: "ಸ್ವಲ್ಪ ಬಿಗಿ ಉಂಟು ಸರ್. ಬೆಣ್ಣೆ ಹಾಗೆ ಆಗ್ಲಿಕ್ಕಿಲ್ಲ."

"ಬೇಡ," ಎಂದರು ಜಾಸಿಂ.

ಮಾರನೆಯ ಬೆಳಗ್ಗೆ ಚಾಪೆ ಹಾಸಿದರು. ಕನ್ನಡಕ ಮಂಜು ಹಿಡಿಯದಂತೆ ಮೊದಲೇ ಹೊರಗೆ ಇಟ್ಟಿದ್ದೆವು. ಅಬು ರಾಶಿದ್ ಅದರ ಪಟ್ಟಿಯನ್ನು ತಾವೇ ಬಿಗಿದರು. ಇಸ್ಮಾಯಿಲ್ ಸಾಲಿನಿಂದ ದೂರ ನಿಲ್ಲುತ್ತೇನೆಂದ, ಆದರೂ ಬಂದು ನನ್ನ ಪಕ್ಕದಲ್ಲೇ ಕುಳಿತ. ಪರದೆಯ ಗಡಿಯಾರ ನೋಡಬಾರದು ಎಂದುಕೊಂಡೆ. ಜಾಸಿಂ ಬೋಲ್ಟ್ ಒತ್ತಿದರು. ಕೊನೆಯಲ್ಲಿ ಕೊಂಚ ತಡೆದು ಮುಚ್ಚಿತು. ಉಸಿರು ನಿಲ್ಲಿಸಿದರು. ಸದ್ದು ಒಂದೇ ಏಟಿಗೆ ಬಂದು ಮುಗಿಯಿತು. ಅದರ ಹಿಂದೆ ಏನೂ ಇರಲಿಲ್ಲ, ಬಯಲಿನ ಮೌನ ಮಾತ್ರ.

ಗುಂಡು ನಡುವಿನಿಂದ ಬಹಳ ದೂರ ಬಿದ್ದಿತ್ತು. ಜಾಸಿಂ ಬೋಲ್ಟ್ ಎಳೆದು ಕೇಸನ್ನು ಹಿಂದಕ್ಕೆ ಚಾಚಿದರು. ಇಸ್ಮಾಯಿಲ್ ತೆಗೆದುಕೊಂಡ. ತಂತಿಯನ್ನು ಒಳಗಿಳಿಸಿ ಬುಡದಿಂದ ಕತ್ತಿನವರೆಗೆ ಎಳೆದ. ತಿರುಗಿಸಿ ಇನ್ನೊಂದು ಬದಿಯಲ್ಲಿ ಎಳೆದ. ಎಲ್ಲೂ ತಡೆಯಲಿಲ್ಲ.

"ಸರಿ ಉಂಟು," ಎಂದ.

"ಹಾಗಾದರೆ ಇನ್ನೊಂದು ಕೊಡು," ಎಂದರು ಜಾಸಿಂ, ತಿರುಗಿ ನೋಡದೆ.

ಆ ರಾತ್ರಿ ಊಟವಾದ ಮೇಲೆ ಸೋಫಾದ ಮೇಲೆ ಕುಳಿತದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಕಿಟಕಿಯ ಪರದೆಯ ಸಂದಿಯಿಂದ ಬಿಸಿಲು ಮುಖಕ್ಕೆ ಬಿದ್ದಿತ್ತು, ಮೈಮೇಲೆ ಯಾರೋ ಹೊದಿಸಿದ ಹೊದಿಕೆ. ಸುಮಾ ಕಾಫಿ ಲೋಟ ಹಿಡಿದು ಎದುರಿಗೆ ನಿಂತಿದ್ದಳು.

"ಎರಡು ಸಲ ಬಂದು ಉಸಿರಾಡ್ತಿದೀರಾ ಅಂತ ನೋಡಿಕೊಂಡು ಹೋದೆ," ಎಂದಳು. "ನಿಮ್ಮ ಕೆಲಸದ ಬಸ್ ಹೋಯ್ತು. ನಾನೇ ಎಬ್ಬಿಸಲಿಲ್ಲ."